ಸಣ್ಣ ಮಗು ಕರ್ಕೊಂಡು ಕ್ಯಾಂಪಿಂಗ್: ರೆಡಿ ಟೆಂಟಾ, ಕ್ಯಾರವಾನಾ, ಇಲ್ಲಾ ತೋಟದ ಮನೆ ಅಂಗಳಾನಾ?

ನಮ್ಮ ಮಗಳಿಗೆ ಈಗ ಮೂರೂವರೆ ವರ್ಷ. ಅವಳಿಗೆ ಎರಡು ತುಂಬಿದಾಗಿಂದ ಇಲ್ಲೀತನಕ ನಾಲ್ಕು ಸಲ ಬೆಂಗಳೂರಿಂದ ಕ್ಯಾಂಪಿಂಗ್ ಹೋಗಿದೀವಿ, ನಾಲ್ಕು ಸಲನೂ ಬೇರೆ ಬೇರೆ ಥರ. ಒಂದ್ಸಲ ಭೀಮೇಶ್ವರೀಲಿ ಜಂಗಲ್ ಲಾಡ್ಜಸ್‌ನವರ ರೆಡಿ ಟೆಂಟು, ಒಂದ್ಸಲ ಬಾಡಿಗೆ ಕ್ಯಾರವಾನು (ಒಳಗೇ ಹಾಸಿಗೆ, ಟಾಯ್ಲೆಟ್ ಇರೋ ಗಾಡಿ), ಒಂದ್ಸಲ ಒಂದು ಪ್ರೈವೇಟ್ ಕ್ಯಾಂಪ್‌ಸೈಟು, ಕೊನೇ ಸಲ ಸಕಲೇಶಪುರದ ಹತ್ರ ಒಂದು ಕಾಫಿ ತೋಟದ ಹೋಮ್‌ಸ್ಟೇ ಅಂಗಳದಲ್ಲಿ ನಮ್ಮದೇ ಟೆಂಟು. ಸಣ್ಣ ಮಕ್ಕಳಿರೋ ಸ್ನೇಹಿತರೆಲ್ಲ "ಯಾವ್ದು ಒಳ್ಳೇದು, ನಾವೂ ಹೋಗ್ಬೇಕು" ಅಂತ ಕೇಳ್ತಾನೇ ಇರ್ತಾರೆ, ಪ್ರತೀ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರ್ದಿಡೋಣ ಅನ್ನಿಸ್ತು.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಹಗಲು ಹೊತ್ತು ಎಲ್ಲಾ ಜಾಗನೂ ಚೆನ್ನಾಗೇ ಇರುತ್ತೆ, ಮಗುಗೆ ಮಣ್ಣು, ಕಲ್ಲು, ಒಂದು ಬಕೆಟ್ ನೀರು ಸಿಕ್ಕಿದ್ರೆ ಸಾಕು, ಅದಕ್ಕೆ ಬೆಟ್ಟದ ವ್ಯೂ ಏನೂ ಬೇಕಾಗಿಲ್ಲ. ಕಷ್ಟ ಬರೋದು ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ. ಹಾಗಾಗಿ ಜಾಗ ಆರಿಸುವಾಗ ಆ ಹನ್ನೆರಡು ಗಂಟೆ ಹೇಗಿರುತ್ತೆ ಅಂತ ಮಾತ್ರ ಕೇಳಿ: ಟಾಯ್ಲೆಟ್ ಟೆಂಟಿಂದ ಎಷ್ಟು ಹೆಜ್ಜೆ, ದಾರೀಲಿ ಲೈಟಿದ್ಯಾ, ರಾತ್ರಿ ಎರಡು ಗಂಟೇಲಿ ಬಿಸಿನೀರು ಸಿಗುತ್ತಾ, ಪಕ್ಕದಲ್ಲಿ ಯಾರು ಇಳ್ಕೊಳ್ತಾರೆ, ಜ್ವರ ಬಂದ್ರೆ ಆಸ್ಪತ್ರೆ ಎಷ್ಟು ದೂರ. ಈ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಬಂದ ಜಾಗ ಅಂದ್ರೆ ನಿಮಗೆ ಸರಿಹೋಗೋ ಜಾಗ.

ರೆಡಿ ಟೆಂಟು

ಮೊದಲ ಸಲ ಹೋಗೋರಿಗೆ ನಾನು ಕಣ್ಣು ಮುಚ್ಕೊಂಡು ಹೇಳೋದು ಇದನ್ನೇ. ಜಂಗಲ್ ಲಾಡ್ಜಸ್ ಅಂದ್ರೆ ರಾಜ್ಯ ಸರ್ಕಾರದ ಸಂಸ್ಥೆ, 1980ರಲ್ಲಿ ಕಬಿನಿಯಿಂದ ಶುರುವಾಗಿದ್ದು, ಈಗ ಭೀಮೇಶ್ವರಿ, ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿ, ದಾಂಡೇಲಿ, ಕಾರವಾರದ ದೇವಬಾಗ ಹೀಗೆ ಸುಮಾರು ಕಡೆ ಇದೆ. ಭೀಮೇಶ್ವರಿ ನಮಗೆ ಹತ್ರ, ಕನಕಪುರ, ಸಾತನೂರು, ಹಲಗೂರು ಮೇಲೆ ಸುಮಾರು 100 ಕಿಲೋಮೀಟರು, ಮಗು ಜೊತೆ ಎರಡು ಸಲ ನಿಲ್ಲಿಸ್ಕೊಂಡು ಹೋದ್ರೂ ಮೂರು, ಮೂರೂಕಾಲು ಗಂಟೆ. ಒಂದು ಕಾಲದಲ್ಲಿ ಇದು ಕಾವೇರೀಲಿ ಮಹಶೀರ್ ಮೀನಿಗೆ ಗಾಳ ಹಾಕೋಕೆ ಬರ್ತಿದ್ದವರ ಕ್ಯಾಂಪು, ಈಗ ಅದೆಲ್ಲ ಇಲ್ಲ. ಅಲ್ಲಿನ ಟೆಂಟು ಅಂದ್ರೆ ಗಟ್ಟಿ ಕ್ಯಾನ್ವಾಸು, ಒಳಗೆ ಮಂಚ, ಫ್ಯಾನು, ಹಿಂದ್ಗಡೆ ಬಾತ್‌ರೂಮು. ದೊಡ್ಡೋರಿಗೆ ಇದು ಕ್ಯಾಂಪಿಂಗೇ ಅಲ್ಲ ಅನ್ನಿಸ್ಬಹುದು, ಆದ್ರೆ ಎರಡು ವರ್ಷದ ಮಗುಗೆ ಗೋಡೆ ಬದ್ಲು ಬಟ್ಟೆ ಇದ್ರೆ ಅದೇ ದೊಡ್ಡ ಆಶ್ಚರ್ಯ, ನಮ್ಮವಳು ಆ ಜಿಪ್ಪನ್ನ ಹಾಕಿ ತೆಗ್ದು ಹಾಕಿ ತೆಗ್ದು ಒಂದು ಗಂಟೆ ಕಳೆದಳು.

ಊಟದ ತಲೆನೋವಿಲ್ಲ, ಅನ್ನ ಮೊಸರು ಸಿಕ್ಕೇ ಸಿಗುತ್ತೆ. ದುಡ್ಡಿನ ವಿಷ್ಯ ಹೇಳ್ಬೇಕು ಅಂದ್ರೆ ತಲೆಗಿಷ್ಟು ಅಂತ ಪ್ಯಾಕೇಜು, ಅದ್ರಲ್ಲಿ ನೀವು ಮಗು ಬಿಟ್ಟು ಮಾಡೋಕಾಗದ ಆಕ್ಟಿವಿಟಿಗಳೂ ಸೇರಿರುತ್ತೆ, ಮಕ್ಕಳಿಗೆ ಎಷ್ಟು ಅಂತ ಬುಕ್ ಮಾಡುವಾಗಲೇ ಕೇಳ್ಕೊಳ್ಳಿ.

ಅಲ್ಲಿ ಒಂದೇ ಒಂದು ಭಯ ನದಿ. ಪಕ್ಕದ ಮುತ್ತತ್ತೀಲಿ ಸೀತಮ್ಮನ ಮೂಗುತಿ ನೀರಿಗೆ ಬಿದ್ದಾಗ ಆಂಜನೇಯ ಬಾಲ ಬಿಟ್ಟು ಹುಡುಕಿ ಕೊಟ್ಟ ಅಂತ ಕಥೆ ಹೇಳ್ತಾರೆ, ನಮ್ಮತ್ತೆ ಅದನ್ನ ಮಗಳಿಗೆ ಹೇಳ್ಕೊಟ್ಟಿದಾರೆ, ಆದ್ರೆ ಆ ನೀರು ಮಾತ್ರ ನೋಡೋಕೆ ಎಷ್ಟು ಶಾಂತವೋ ಒಳಗೆ ಅಷ್ಟು ಮೋಸ. ಸುಳಿ ಇದೆ, ಬಂಡೆ ಸಂದಿ ಇದೆ, ಮೊಸಳೆ ಇದೆ, ಈಜು ಬರೋ ದೊಡ್ಡೋರೇ ಅಲ್ಲಿ ಜೀವ ಕಳ್ಕೊಂಡಿದಾರೆ. ಮಗುನ ಪಾದ ನೆನೆಸೋಕೂ ಇಳಿಸ್ಬೇಡಿ. ನಾವು ಬಕೆಟಲ್ಲಿ ನೀರು ತಂದು ಮರದ ಕೆಳಗೆ ಆಡಿಸಿದ್ವಿ.

ಕೆ.ಗುಡಿ ಬಗ್ಗೆನೂ ಕೇಳ್ತಾರೆ. ಜಾಗ ಬಹಳ ಚೆನ್ನಾಗಿದೆ, ಕಾಡಿನ ಮಧ್ಯೆ, ಹಂದಿ ಜಿಂಕೆ ಎಲ್ಲಾ ಟೆಂಟ್ ಪಕ್ಕದಲ್ಲೇ ಓಡಾಡ್ತವೆ. ಆದ್ರೆ ಅದೇ ಕಾರಣಕ್ಕೆ ಕತ್ತಲಾದ್ಮೇಲೆ ಮಗುನ ಕೆಳಗೆ ಬಿಡೋ ಹಾಗಿಲ್ಲ, ಹೇಳಿದ ಮಾತು ಕೇಳೋ ವಯಸ್ಸು ಬಂದ್ಮೇಲೆ, ಅಂದ್ರೆ ಐದು ಆರು ವರ್ಷಕ್ಕೆ, ಹೋಗೋದು ಒಳ್ಳೇದು ಅಂತ ನನ್ನ ಲೆಕ್ಕ.

ಕ್ಯಾರವಾನು

ಆಸೆ ಇತ್ತು, ಹೋದ್ವಿ, ಇನ್ನೊಂದ್ಸಲ ಮಗು ಸಣ್ಣದಿರೋವಾಗ ಹೋಗಲ್ಲ. ಕಾರಣ ಒಂದೇ, ಸೀಟು. ಇಲ್ಲಿ ಬಾಡಿಗೆಗೆ ಸಿಗೋ ಎಷ್ಟೋ ಗಾಡಿ ಟ್ರಾವೆಲರ್ ಥರದ ವ್ಯಾನನ್ನ ಒಳಗೆ ಬದಲಾಯಿಸಿ ಮಾಡಿರೋದು, ಸೋಫಾ ಥರ ಅಡ್ಡಕ್ಕೆ ಸೀಟು ಹಾಕಿರ್ತಾರೆ, ಆ ಸೀಟಿಗೆ ಮಕ್ಕಳ ಕಾರ್ ಸೀಟನ್ನ ಗಟ್ಟಿಯಾಗಿ ಕಟ್ಟೋಕೆ ಆಗಲ್ಲ. ನಾವು ಹೊರಡೋ ದಿನ ಬೆಳಿಗ್ಗೆ ಅರ್ಧ ಗಂಟೆ ಬೆಲ್ಟು ಹಿಡ್ಕೊಂಡು ಒದ್ದಾಡಿ ಕೊನೆಗೆ ಡ್ರೈವರ್ ಹಿಂದಿನ ಒಂದೇ ಒಂದು ನೆಟ್ಟಗಿರೋ ಸೀಟಿಗೆ ಕಟ್ಟಿದ್ವಿ. ಜನ ಏನ್ಮಾಡ್ತಾರೆ ಅಂದ್ರೆ ಮಗುನ ಹಾಸಿಗೆ ಮೇಲೆ ಮಲಗಿಸ್ಕೊಂಡು ಹೋಗ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಎಂಬತ್ತರ ಸ್ಪೀಡಲ್ಲಿ ಬ್ರೇಕ್ ಬಿದ್ರೆ ಮಲಗಿರೋ ಮಗು ಎಲ್ಲಿಗೆ ಹೋಗಿ ಬಡಿಯುತ್ತೆ ಅಂತ ಒಂದ್ಸಲ ಯೋಚಿಸಿ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರನೂ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇರ್ಲೇಬೇಕು, ಇಲ್ಲಾಂದ್ರೆ 1000 ರೂಪಾಯಿ ದಂಡ. ದಂಡ ಬಿಡಿ, ಮಗು ಮುಖ್ಯ.

ಇನ್ನೊಂದು, ಹಳ್ಳಿ ರಸ್ತೇಲಿ ಮರದ ಕೊಂಬೆ, ಕೆಳಗೆ ಜೋತುಬಿದ್ದ ಕರೆಂಟ್ ತಂತಿ ಎಲ್ಲಾ ನೋಡ್ಕೊಂಡು ಹೋಗ್ಬೇಕು, ರಾತ್ರಿ ನಿಲ್ಲಿಸೋಕೆ ಹೇಗಿದ್ರೂ ಯಾವುದಾದ್ರೂ ರೆಸಾರ್ಟ್ ಕಾಂಪೌಂಡೇ ಬೇಕು. ಆದ್ರೆ ಒಂದು ಕಡೆ ಇದು ಗೆಲ್ಲುತ್ತೆ, ಮಂಡಿನೋವಿರೋ ಅಜ್ಜಿ ತಾತ ಜೊತೆಗಿದ್ರೆ. ಟಾಯ್ಲೆಟ್ ಜೊತೇಲೇ ಬರೋದು ಅವರಿಗೆ ಎಷ್ಟು ನೆಮ್ಮದಿ ಅಂತ ನಮ್ಮತ್ತೆ ಮುಖ ನೋಡಿ ಗೊತ್ತಾಯ್ತು.

ಪ್ರೈವೇಟ್ ಕ್ಯಾಂಪ್‌ಸೈಟು

ಇದನ್ನ ಬೇಗ ಮುಗಿಸ್ತೀನಿ. ನಾವು ಹೋದ ಜಾಗದ ಹೆಸರು ಬೇಡ. ಫೋನಲ್ಲಿ "ಫ್ಯಾಮಿಲಿ ಬರ್ತಾರೆ ಮೇಡಂ" ಅಂದ್ರು, ಹೋಗಿ ನೋಡಿದ್ರೆ ಶನಿವಾರ ರಾತ್ರಿ ನಲವತ್ತು ಜನ ಹುಡುಗ್ರು, ಸ್ಪೀಕರು, ಒಂದೂವರೆ ಗಂಟೆ ತನಕ ಹಾಡು, ಮಗು ಎದೆ ಮೇಲೆ ಮಲಗಿ ಎರಡು ಕಿವಿನೂ ಮುಚ್ಕೊಂಡಿದ್ಲು. ಆ ಹುಡುಗ್ರದ್ದೇನೂ ತಪ್ಪಿಲ್ಲ, ಅವರು ಬಂದಿದ್ದೇ ಅದಕ್ಕೆ. ಬುಕ್ ಮಾಡೋಕೆ ಮುಂಚೆ ನೀವು ಮ್ಯೂಸಿಕ್ ಎಷ್ಟು ಗಂಟೆಗೆ ನಿಲ್ಸ್ತಾರೆ, ಟಾಯ್ಲೆಟ್ ಎಷ್ಟು ಟೆಂಟಿಗೆ ಒಂದು, ಗುಂಪಿನವರಿಗೆ ಬೇರೆ ಜಾಗ ಇದ್ಯಾ ಅಂತ ಕೇಳಿ, ಆಗೋದಾದ್ರೆ ವಾರದ ಮಧ್ಯೆ ಹೋಗಿ, ಮಂಗಳವಾರ ಬುಧವಾರ ಅದೇ ಜಾಗ ಬೇರೆ ಥರಾನೇ ಇರುತ್ತಂತೆ.

ತೋಟದ ಮನೆ ಅಂಗಳ

ಈಗ ನಮಗೆ ತುಂಬಾ ಹಿಡಿಸಿದ್ದು. ಮಲೆನಾಡಲ್ಲಿ, ಸಕಲೇಶಪುರ, ಮೂಡಿಗೆರೆ, ಕೊಡಗು ಕಡೆ ಹೋಮ್‌ಸ್ಟೇಗಳು ಬೇಕಾದಷ್ಟಿವೆ, ಫೋನ್ ಮಾಡಿ "ಒಂದು ರೂಮ್ ಬುಕ್ ಮಾಡ್ತೀವಿ, ಅಂಗಳದಲ್ಲಿ ನಮ್ಮ ಟೆಂಟ್ ಹಾಕ್ಕೊಳ್ಬಹುದಾ" ಅಂತ ಕೇಳಿ. ನಾವು ಕೇಳಿದ ಮೂರು ಕಡೆ ಎರಡು ಕಡೆಯವರು ಖುಷಿಯಿಂದ ಒಪ್ಪಿದ್ರು. ರೂಮ್ ಇರುತ್ತೆ, ಮಳೆ ಬಂದ್ರೆ, ಮಗು ಹಟ ಮಾಡಿದ್ರೆ, ಹೊಟ್ಟೆ ಕೆಟ್ರೆ ಒಳಗೆ ಹೋಗ್ಬಹುದು. ಟೆಂಟ್ ಇರುತ್ತೆ, ಅದ್ರಲ್ಲೇ ಮಲಗ್ಬಹುದು. ದುಡ್ಡು ಒಂದು ರೂಮಿನಷ್ಟೇ.

ಒಣಗಿಸೋಕೆ ಕಾಫಿ ಹರಡೋ ಕಣ ಇರುತ್ತಲ್ಲ, ಅದು ಸಮತಟ್ಟಾಗಿರುತ್ತೆ, ಕಸ ಕಡ್ಡಿ ಇರಲ್ಲ, ಟೆಂಟಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಡಿಸೆಂಬರ್ ಜನವರೀಲಿ ಕಾಫಿ ಕೊಯ್ಲು, ಕಣ ಖಾಲಿ ಇರಲ್ಲ, ಆವಾಗ ಪಕ್ಕದ ಹುಲ್ಲಿನ ಮೇಲೆ ಹಾಕ್ಬೇಕು. ನಾವು ಹೋಗಿದ್ದು ನವೆಂಬರ್ ಮೊದಲ ವಾರ. ಸಂಜೆ ಟೆಂಟ್ ಹಾಕಿ, ಬಚ್ಚಲ ಒಲೆಗೆ ಸೌದೆ ಹಾಕಿ ಹಂಡೇಲಿ ಕಾಯ್ಸಿದ ನೀರಲ್ಲಿ ಮಗುಗೆ ಸ್ನಾನ ಮಾಡಿಸಿ, ಅಕ್ಕಿ ರೊಟ್ಟಿ ತಿನ್ನಿಸಿ, ಎಂಟು ಗಂಟೆಗೆ ಒಳಗೆ ಮಲಗಿಸಿದ್ವಿ. ಹನ್ನೊಂದರ ಹೊತ್ತಿಗೆ ಎದ್ದು ಕೂತ್ಲು. "ಅಮ್ಮಾ, ಯಾರದು ಕಿರ್ ಕಿರ್ ಅಂತಿರೋದು?" ಜೀರುಂಡೆ ಕಣೇ ಅಂದೆ. "ಅದು ಮಲ್ಗಲ್ವಾ?" ಇಲ್ಲ, ಅದು ರಾತ್ರಿ ಕೆಲಸ ಮಾಡುತ್ತೆ, ಬೆಳಿಗ್ಗೆ ಮಲಗುತ್ತೆ. "ಅಪ್ಪನ್ ಥರ" ಅಂದ್ಲು (ನಮ್ಮನೆಯವ್ರಿಗೆ ನೈಟ್ ಶಿಫ್ಟು), ಅಷ್ಟಂದು ನನ್ನ ತೋಳಿನ ಮೇಲೆ ತಲೆ ಇಟ್ಟು ಕೇಳ್ತಾ ಕೇಳ್ತಾ ಮಲಗಿದೋಳು ಬೆಳಿಗ್ಗೆ ಆರೂಕಾಲಿಗೇ ಎದ್ದಿದ್ದು. ಟೆಂಟಿನ ಒಳಬದಿ ಪೂರ್ತಿ ಹನಿ ಹನಿ, ನಮ್ಮ ಮೂರೂ ಜನರ ಉಸಿರು ತಣ್ಣಗಾಗಿ ನೀರಾಗಿತ್ತು, ಅವಳು ಬೆರಳಲ್ಲಿ ಗೆರೆ ಎಳೆದು ಎಳೆದು ಜೀರುಂಡೆ ಬರೆದ್ಲು.

ಆ ಹನಿ ನೋಡೋಕೆ ಚೆಂದ, ಆದ್ರೆ ಹೊದಿಕೆ ಒದ್ದೆ ಆಗುತ್ತೆ. ಚಳಿ ಅಂತ ಎಲ್ಲಾ ಜಿಪ್ ಮುಚ್ಬೇಡಿ, ಮೇಲಿನ ಗಾಳಿ ಕಿಂಡಿ ತೆಗ್ದೇ ಇಡಿ.

ಕಾಡಲ್ಲೇ ಹಾಕೋದು ಹೇಗೆ ಅಂತನೂ ಒಬ್ರು ಕೇಳಿದ್ರು. ಅರಣ್ಯ ಇಲಾಖೆ ಅನುಮತಿ ಇಲ್ದೆ ಮೀಸಲು ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಟೆಂಟ್ ಹಾಕೋ ಹಾಗಿಲ್ಲ, ಕೇಸಾಗುತ್ತೆ. ಕಾನೂನು ಒಂದು ಕಡೆ ಇರ್ಲಿ, ಆನೆ ಓಡಾಡೋ ಜಾಗದಲ್ಲಿ ಮಗು ಜೊತೆ ಬಟ್ಟೆ ಗೋಡೆ ಹಿಂದೆ ಮಲಗೋ ಧೈರ್ಯ ಯಾರೂ ಮಾಡ್ಬಾರ್ದು.

ಟೆಂಟ್ ತಗೊಳ್ಳೋದಾದ್ರೆ

ಮೂರು ಜನ ಇದ್ರೆ ಮೂರು ಜನರ ಟೆಂಟ್ ಸಾಲಲ್ಲ, ನಾಲ್ಕು ಜನರದ್ದು ತಗೊಳ್ಳಿ, ಮಗು ರಾತ್ರಿ ಗಡಿಯಾರದ ಮುಳ್ಳಿನ ಥರ ಸುತ್ತುತ್ತೆ. ಕಂಬಿ ಸೇರಿಸಿ ನಿಲ್ಲಿಸೋ ಡೋಮ್ ಟೆಂಟು ಸಸ್ತಾ, ಗಾಳಿಗೆ ತಡ್ಕೊಳ್ಳುತ್ತೆ, ಆದ್ರೆ ಮೊದಲ ಸಲ ಅರ್ಧ ಗಂಟೆ ಹಿಡಿಯುತ್ತೆ. ಎಸೆದ್ರೆ ತಾನೇ ಬಿಚ್ಕೊಳ್ಳೋದು, ಡೆಕಾತ್ಲಾನ್‌ನವರ 2 ಸೆಕೆಂಡ್ಸ್ ಥರದ್ದು, ಹಾಕೋದು ಸುಲಭ, ಮಡಿಸೋದು ಮನೇಲಿ ನಾಲ್ಕು ಸಲ ಪ್ರಾಕ್ಟೀಸ್ ಮಾಡಿರ್ಬೇಕು. ಇದ್ರಲ್ಲೇ ಒಳಗೆ ಕಪ್ಪು ಬಟ್ಟೆ ಇರೋದು ಬರುತ್ತೆ, ಬೆಳಿಗ್ಗೆ ಬೆಳಕು ಒಳಗೆ ಬರಲ್ಲ, ಮಗು ಇನ್ನೊಂದು ಗಂಟೆ ಮಲಗುತ್ತೆ, ಮಧ್ಯಾಹ್ನದ ನಿದ್ದೆಗೂ ಒಳ್ಳೇದು. ನನ್ನ ಕೇಳಿದ್ರೆ ದುಡ್ಡು ಜಾಸ್ತಿ ಆದ್ರೂ ಅದೇ.

ಕಾರಿನ ಮೇಲೆ ಹಾಕೋ ರೂಫ್‌ಟಾಪ್ ಟೆಂಟ್ ಬೇಡ. ಏಣಿ ಇದೆ, ಅರ್ಧ ರಾತ್ರಿ ನಿದ್ದೆಗಣ್ಣಲ್ಲಿ ಮಗು ಹಿಡ್ಕೊಂಡು ಇಳೀಬೇಕು, ಸಣ್ಣ ಕಾರಿನ ಟಾಪ್ ಅಷ್ಟು ಭಾರ ಹೊರೋಕೆ ಮಾಡಿರೋದೂ ಅಲ್ಲ.

ಟೆಂಟಿಗಿಂತ ಮುಖ್ಯ ಕೆಳಗೆ ಹಾಸೋದು. ಚಳಿ ಮೇಲಿಂದ ಬರೋದಕ್ಕಿಂತ ನೆಲದಿಂದ ಜಾಸ್ತಿ ಬರುತ್ತೆ. ಗಾಳಿ ತುಂಬೋ ಹಾಸಿಗೆ ಮೆತ್ತಗಿರುತ್ತೆ, ಆದ್ರೆ ಒಳಗಿನ ಗಾಳಿನೇ ತಣ್ಣಗಾಗಿ ರಾತ್ರಿ ಬೆನ್ನು ಕೊರೆಯುತ್ತೆ, ಅದ್ರ ಬದ್ಲು ಫೋಮ್ ಮ್ಯಾಟು, ಅದ್ರ ಮೇಲೆ ಮನೇದೇ ಕಂಬಳಿ ಮಡಿಸಿ ಹಾಸಿ. ಮಗುಗೆ ಬೆಚ್ಚಗಿದ್ಯಾ ಅಂತ ನೋಡೋಕೆ ಕೈ ಮುಟ್ಬೇಡಿ, ಕತ್ತಿನ ಹಿಂಭಾಗ ಮುಟ್ಟಿ. ಒಂದು ವರ್ಷದೊಳಗಿನ ಮಗು ಆದ್ರೆ ಸಡಿಲ ಹೊದಿಕೆ ಹಾಕ್ಬೇಡಿ, ಮುಖಕ್ಕೆ ಬೀಳುತ್ತೆ. ಇನ್ನು ಟೆಂಟ್ ಒಳಗೆ ಸ್ಟೌ, ಕೆಂಡದ ಬಾಂಡ್ಲಿ ಯಾವ್ದೂ ಇಡ್ಬಾರ್ದು, ಎಷ್ಟೇ ಚಳಿ ಇರ್ಲಿ, ಅದ್ರಿಂದ ಬರೋ ವಿಷಗಾಳಿಗೆ (ಕಾರ್ಬನ್ ಮಾನಾಕ್ಸೈಡ್) ವಾಸನೆ ಇರಲ್ಲ, ಮಲಗಿದೋರು ಏಳಲ್ಲ.

ಹೊರಡೋದು ಯಾವಾಗ

ಮೂರು ದಾರಿ ನೋಡಿದೀವಿ. ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಹೊರಟ್ರೆ ನೆಲಮಂಗಲ ದಾಟೋಕೇ ಎರಡು ಗಂಟೆ, ತೋಟಕ್ಕೆ ಅರ್ಧ ರಾತ್ರಿ, ಕತ್ತಲಲ್ಲಿ ಟೆಂಟ್ ಹಾಕೋದು, ಮಗು ಅಳೋದು, ಬೇಡವೇ ಬೇಡ. ಬೆಳಿಗ್ಗೆ ತಿಂಡಿ ತಿನ್ಕೊಂಡು ಒಂಬತ್ತಕ್ಕೆ ಹೊರಟ್ರೆ ಬಿಸಿಲು, ಟ್ರಾಫಿಕ್ಕು, ಎಚ್ಚರವಾಗಿರೋ ಮಗು, ಪ್ರತೀ ಮುಕ್ಕಾಲು ಗಂಟೆಗೆ "ಬಂತಾ?".

ನಮಗೆ ಸರಿಹೋಗಿದ್ದು ಬೆಳಗಿನ ಜಾವ ನಾಲ್ಕೂಮುಕ್ಕಾಲು. ಹಿಂದಿನ ರಾತ್ರೀನೇ ಡಿಕ್ಕಿ ತುಂಬಿಸಿ, ಮಗುಗೆ ಹೊರಡೋ ಬಟ್ಟೇಲೇ ಮಲಗಿಸಿ, ಎಬ್ಬಿಸದೆ ಎತ್ಕೊಂಡು ಹೋಗಿ ಸೀಟಲ್ಲಿ ಕೂರ್ಸಿ ಬೆಲ್ಟ್ ಹಾಕೋದು. ದಪ್ಪ ಸ್ವೆಟರ್ ಮೇಲೆ ಬೆಲ್ಟ್ ಹಾಕ್ಬೇಡಿ, ಬೆಲ್ಟ್ ಸಡಿಲ ಆಗುತ್ತೆ, ಬೆಲ್ಟ್ ಹಾಕಿ ಮೇಲಿಂದ ಶಾಲು ಹೊದಿಸಿ. ಕುಣಿಗಲ್, ಯಡಿಯೂರು ದಾಟೋ ತನಕ ಅವಳು ನಿದ್ದೆ, ಏಳೂವರೆ ಹೊತ್ತಿಗೆ ಚನ್ನರಾಯಪಟ್ಟಣದ ಹತ್ರ ಎದ್ದು ಇಡ್ಲಿ ತಿಂದ್ಲು, ಒಂಬತ್ತೂವರೆಗೆ ಸಕಲೇಶಪುರ. ಆದ್ರೆ ಇದಕ್ಕೆ ಒಂದು ಷರತ್ತು, ಓಡಿಸೋರು ರಾತ್ರಿ ಒಂಬತ್ತಕ್ಕೇ ಮಲಗಿರ್ಬೇಕು, ನಿದ್ದೆಗೆಟ್ಟು ಓಡಿಸೋದಾದ್ರೆ ಒಂಬತ್ತು ಗಂಟೆ ಪ್ಲಾನೇ ವಾಸಿ.

ಊಟಿ, ವಯನಾಡ್ ಕಡೆ ಹೋಗೋರು ನೆನಪಿಟ್ಕೊಳ್ಳಿ, ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್, ಗುಂಡ್ಲುಪೇಟೇಲಿ ಮಗು ಜೊತೆ ಸಿಕ್ಕಾಕೊಳ್ಬೇಡಿ.

ನೆಟ್ಟಗಿನ ರಸ್ತೆನಾ, ಘಾಟಿನಾ

ಕಾರಲ್ಲಿ ವಾಂತಿ ಬರೋ ಸಮಸ್ಯೆ ಎರಡು ವರ್ಷದ ಒಳಗೆ ಕಡಿಮೆ, ಆಮೇಲೆ ಶುರುವಾಗಿ ಹನ್ನೆರಡರ ತನಕ ಇರುತ್ತೆ. ಅದಕ್ಕೇ ಎರಡು ವರ್ಷಕ್ಕೆ ಆರಾಮಾಗಿ ಬಂದ ಮಗು ಮೂರಕ್ಕೆ ಕಷ್ಟ ಪಡುತ್ತೆ, ನಮ್ಮವಳದ್ದೂ ಹಾಗೇ ಆಯ್ತು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳೀತಾ ನಾಲ್ಕನೇ ತಿರುವಿಗೆ ಮಾತು ನಿಲ್ಲಿಸಿದ್ಲು, ಮುಖ ಬಿಳುಚಿಕೊಳ್ತು, ಒಂದೇ ಸಮ ಎಂಜಲು ನುಂಗೋಕೆ ಶುರುಮಾಡಿದ್ಲು. ಆ ಎಂಜಲು ನುಂಗೋದೇ ಸೂಚನೆ, ಅದು ಕಂಡ ತಕ್ಷಣ ಅಗಲ ಇರೋ ಕಡೆ ನಿಲ್ಲಿಸಿ, ಇಳಿಸಿ, ತಣ್ಣನೆ ಗಾಳಿ ತಗೊಳ್ಳೋಕೆ ಬಿಡಿ. ಆವತ್ತು ನಮಗೆ ಗೊತ್ತಾಗ್ಲಿಲ್ಲ, ಎರಡು ನಿಮಿಷದಲ್ಲಿ ಸೀಟೆಲ್ಲ ಆಯ್ತು.

ಆಗುಂಬೇಲಿ 14 ಹೇರ್‌ಪಿನ್ ತಿರುವು, ಅಲ್ಲಿಗೆ ಮಗು ಮೊಬೈಲ್ ನೋಡ್ತಾ ಇದ್ರೆ ವಾಂತಿ ಗ್ಯಾರಂಟಿ, ಕಿಟಕಿ ಆಚೆ ದೂರ ನೋಡೋ ಥರ ಮಾಡಿ. ಘಾಟಿ ಹತ್ತೋಕೆ ಮುಂಚೆ ಹಾಲು ಕೊಡ್ಬೇಡಿ, ಒಣ ಚುರುಮುರಿನೋ ಬಿಸ್ಕತ್ತೋ ಸಾಕು. ಮೊದಲ ಟ್ರಿಪ್ಪಿಗೆ ಘಾಟಿ ಇಳಿಯದೇ ಇರೋ ಜಾಗ ಆರಿಸಿ, ಸಕಲೇಶಪುರ ಊರು ಘಾಟಿ ಮೇಲೇ ಇದೆ, ಶಿರಾಡಿ ಅದರಾಚೆ. ಗೋಕರ್ಣ, ಕಾರವಾರದ ಕಡಲು ತೋರಿಸ್ಬೇಕು ಅಂತಿದ್ರೆ ಬೆಂಗಳೂರಿಂದ ಹೆಚ್ಚುಕಮ್ಮಿ 500 ಕಿಲೋಮೀಟರು, ಒಂದೇ ದಿನ ಕಾರಲ್ಲಿ ಬೇಡ. ಮಧ್ಯೆ ಒಂದು ರಾತ್ರಿ ತಂಗಿ, ಇಲ್ಲಾ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹತ್ತಿ ಅಲ್ಲೇ ಕಾರ್ ಬಾಡಿಗೆಗೆ ತಗೊಳ್ಳಿ.

ಎಷ್ಟು ಜಾಗ ನೋಡೋದು ಅಂತಿದ್ರೆ, ಒಂದೇ. ಎರಡು ರಾತ್ರಿ ಒಂದೇ ಕಡೆ. ಮೊದಲ ರಾತ್ರಿ ಮಗು ಹೊಸ ಜಾಗ ಅಂತ ಸರಿಯಾಗಿ ಮಲಗಲ್ಲ, ಎರಡನೇ ರಾತ್ರಿ ಆ ಟೆಂಟು ಅದರ ಮನೆ ಆಗಿರುತ್ತೆ, ಆ ಹೊತ್ತಿಗೆ ಕಿತ್ಕೊಂಡು ಬೇರೆ ಕಡೆ ಹೊರಟ್ರೆ ಮತ್ತೆ ಮೊದಲಿಂದ.

ಕಾಲ ಮತ್ತು ಹುಳ

ಜೂನಿಂದ ಸೆಪ್ಟೆಂಬರ್ ಮಲೆನಾಡಲ್ಲಿ ಮಳೆ, ಇಂಬಳ, ಟೆಂಟ್ ಮಾತೇ ಬೇಡ. ಮಾರ್ಚ್ ಆದ್ಮೇಲೆ ಭೀಮೇಶ್ವರಿ ಕಡೆ ಉರಿ ಬಿಸಿಲು. ನವೆಂಬರಿಂದ ಫೆಬ್ರವರಿ ಒಳ್ಳೇದು. ಆದ್ರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನ ಊರಿಗೆ ಹೋಗೋರು ಮಂಗನ ಕಾಯಿಲೆ ವಿಷಯ ತಿಳ್ಕೊಂಡು ಹೋಗ್ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಉಣುಗು ಕಚ್ಚಿ ಬರುತ್ತೆ, ಡಿಸೆಂಬರಿಂದ ಮೇ ತನಕ ಜಾಸ್ತಿ, ಅಂದ್ರೆ ನಾವು ಕ್ಯಾಂಪಿಂಗ್ ಹೋಗೋ ಕಾಲಾನೇ. ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಹೋಮ್‌ಸ್ಟೇಯವರನ್ನೋ "ಈ ವರ್ಷ ಕೇಸ್ ಇದ್ಯಾ, ಮಂಗ ಸತ್ತಿದ್ಯಾ" ಅಂತ ನೇರವಾಗಿ ಕೇಳಿ, ಹೌದು ಅಂದ್ರೆ ಆ ಸಲ ಬೇರೆ ಕಡೆ ಹೋಗಿ. ಇಲ್ಲ ಅಂದ್ರೂ ಮಗುನ ತರಗೆಲೆ ಮೇಲೆ ಕೂರಿಸ್ಬೇಡಿ, ಉದ್ದ ಪ್ಯಾಂಟು ಸಾಕ್ಸ್ ಒಳಗೆ ಸೇರ್ಸಿ, ಸಂಜೆ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ಮಂಡಿ ಹಿಂದೆ ಬೆರಳಾಡಿಸಿ ನೋಡಿ. ಸೊಳ್ಳೆ ಕ್ರೀಮ್ ಯಾವ್ದು ಹಚ್ಬಹುದು ಅಂತ ಮಕ್ಕಳ ಡಾಕ್ಟರನ್ನ ಹೊರಡೋಕೆ ಮುಂಚೆನೇ ಕೇಳಿ, ಜ್ವರದ ಔಷಧಿ ಮಗು ತೂಕಕ್ಕೆ ಎಷ್ಟು ಎಂಎಲ್ ಅಂತ ಬರೆಸ್ಕೊಂಡು ಬಾಟ್ಲಿ ಮೇಲೇ ಅಂಟಿಸಿ, ಓಆರ್‌ಎಸ್ ನಾಲ್ಕು ಪ್ಯಾಕೆಟ್ ಇಟ್ಕೊಳ್ಳಿ. ಹಾವು ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು ಏನೂ ಮಾಡ್ದೆ ಸೀದಾ ಆಸ್ಪತ್ರೆಗೆ, 108ಕ್ಕೆ ಫೋನ್ ಮಾಡಿ. ಸಕಲೇಶಪುರದಲ್ಲಿ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ ಇದೆ, ದೊಡ್ಡದು ಬೇಕಂದ್ರೆ ಹಾಸನ ಸುಮಾರು 40 ಕಿಲೋಮೀಟರು. ನೀವು ಹೋಗೋ ಊರಿಂದು ಹೀಗೇ ಮೊದ್ಲೇ ನೋಡ್ಕೊಂಡು ಇಬ್ಬರ ಫೋನಲ್ಲೂ ಹಾಕ್ಕೊಳ್ಳಿ, ತೋಟದಲ್ಲಿ ನೆಟ್‌ವರ್ಕ್ ಇರಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ವಾಪಸ್ ಬರೋದು ಭಾನುವಾರ ಆದ್ರೆ ಹನ್ನೊಂದಕ್ಕೆಲ್ಲ ಅಲ್ಲಿಂದ ಹೊರಟ್ಬಿಡಿ. ಮಗುಗೆ ಬೇಗ ಊಟ ಮಾಡಿಸಿದ್ರೆ ಹಾಸನ ದಾಟೋ ಹೊತ್ತಿಗೆ ನಿದ್ದೆ ಹೋಗುತ್ತೆ, ಸಂಜೆ ಐದರ ಮೇಲೆ ನೆಲಮಂಗಲದಲ್ಲಿ ಗಾಡಿ ನಿಲ್ಲೋಕೆ ಶುರುವಾಗೋ ಅಷ್ಟರಲ್ಲಿ ನೀವು ಮನೇಲಿರ್ತೀರ. ಟೆಂಟನ್ನ ಅವತ್ತೇ ಬಾಲ್ಕನೀಲಿ ಬಿಚ್ಚಿ ಹರಡಿ, ಒದ್ದೆ ಮಡಿಸಿಟ್ರೆ ಒಂದು ವಾರಕ್ಕೆ ಬೂಷ್ಟು ಹಿಡಿಯುತ್ತೆ.